60 ಅಕ್ಷರದ ನಾರ್ವೇಜಿಯನ್ ಪದವನ್ನು ಎಲ್ಲಿ ಮುರಿಯುವುದು?

ಪ್ರಶ್ನೆ: ನಾನು ಮೈಸೂರಿನವಳು. ಸೆಮಿಕಂಡಕ್ಟರ್ ವಿಷಯದಲ್ಲಿ ಪಿಎಚ್‌ಡಿ ಮಾಡಲು ನಾರ್ವೆಯ ತ್ರೊಂಡ್‌ಹೈಮ್‌ಗೆ ಬಂದು ಎಂಟು ತಿಂಗಳಾಯಿತು. ಲ್ಯಾಬಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಊಟದ ಮೇಜಿನಲ್ಲಿ ಮಾತ್ರ ಎಲ್ಲರೂ ನಾರ್ವೇಜಿಯನ್‌ಗೆ ಜಾರುತ್ತಾರೆ. ಸಣ್ಣಪುಟ್ಟ ಮಾತು ಹೇಗೋ ಆಗುತ್ತದೆ. ವಿಜ್ಞಾನದ ಉದ್ದುದ್ದ ಪದ ಬಂದರೆ ನಾಲಿಗೆ ಕಟ್ಟಿಹೋಗುತ್ತದೆ. ಮೊನ್ನೆ ಸಹೋದ್ಯೋಗಿಯೊಬ್ಬರು ತಮಾಷೆಗೆ 60 ಅಕ್ಷರದ ಒಂದು ಪದ ಬರೆದುಕೊಟ್ಟು ಓದು ಎಂದರು. ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿದೆ. ಎಲ್ಲರೂ ನಕ್ಕರು. ಇಂಥ ಪದವನ್ನು ಎಲ್ಲೆಲ್ಲಿ ಬಿಡಿಸಬೇಕು? ಒತ್ತು ಎಲ್ಲಿ ಬೀಳಬೇಕು? ವರದಿ ಬರೆಯುವಾಗ ಸಾಲಿನ ಕೊನೆಯಲ್ಲಿ ಅದನ್ನು ಹೇಗೆ ಮುರಿಯಬೇಕು?

ಉತ್ತರ: ಆ ಪದ ಯಾವುದೆಂದು ನೀವು ಬರೆದಿಲ್ಲ. ಆದರೂ ಹೇಳಬಲ್ಲೆ. 60 ಅಕ್ಷರ, ಅದೂ ಸೆಮಿಕಂಡಕ್ಟರ್ ಲ್ಯಾಬು ಎಂದ ಮೇಲೆ ಅದು ಇದೇ ಇರಬೇಕು: ಮಿನುರಿತೇತ್ಸ್‌ಲಾದ್ನಿಂಗ್ಸ್‌ಬ್ಯಾರೆರ್‌ದಿಫುಶೂನ್ಸ್‌ಕುಎಫಿಸಿಎಂತ್‌ಮೋಲಿಂಗ್ಸ್‌ಅಪರತ್ಯೂರ್. ನಾರ್ವೇಜಿಯನ್ನಿನ ಅತಿ ಉದ್ದದ ಪದ ಎಂದು ಜನ ತೋರಿಸುವುದು ಇದನ್ನೇ. ಮೈನಾರಿಟಿ ಚಾರ್ಜ್ ಕ್ಯಾರಿಯರ್‌ಗಳ ಡಿಫ್ಯೂಷನ್ ಕೋಎಫಿಶಿಯೆಂಟ್ ಅಳೆಯುವ ಸಲಕರಣೆ ಎಂದು ಅರ್ಥ. ನಿಮ್ಮ ವಿಷಯವೇ, ನಿಮಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಅವರು ಯಾಕೆ ನಕ್ಕರು ಎನ್ನುವುದನ್ನು ಮೊದಲು ನೋಡೋಣ. ತಪ್ಪು ನಿಮ್ಮ ನಾಲಿಗೆಯದಲ್ಲ, ನೀವು ಬರೆದುಕೊಂಡ ಲಿಪಿಯದು. ಕನ್ನಡ ಲಿಪಿಗೆ ಒಂದು ಒಳ್ಳೆಯ ಗುಣವಿದೆ. ವ್ಯಂಜನದ ಮುಂದೆ ಸ್ವರ ಬಂದರೆ ಎರಡನ್ನೂ ಕೂಡಿಸಿ ಗುಣಿತಾಕ್ಷರ ಮಾಡುತ್ತದೆ. ವ್ಯಂಜನದ ಮುಂದೆ ವ್ಯಂಜನ ಬಂದರೆ ಕೆಳಗೆ ಒತ್ತಕ್ಷರ ಕೊಡುತ್ತದೆ. ಬಿಡಿಯಾಗಿ ಏನನ್ನೂ ನಿಲ್ಲಲು ಬಿಡುವುದಿಲ್ಲ. ನಮ್ಮ ಭಾಷೆಗೆ ಅದು ಹೊಂದುತ್ತದೆ. ಆದರೆ ಈ ಪದದ ಬಾಲವನ್ನು ಹಾಗೆ ಬರೆದು ನೋಡಿ: 'ಮಾಲಿಂಗ್ಸಪ್ಪರಾಟೂರ್'. ನಮ್ಮೂರಿನ ಮಾಲಿಂಗಪ್ಪನವರೇ ಲ್ಯಾಬಿನೊಳಗೆ ಬಂದ ಹಾಗಾಯಿತು! ನಾರ್ವೆಯವರ ಕಿವಿಗೆ ಅಲ್ಲಿ 'ಮೋಲಿಂಗ್ಸ್' ಬೇರೆ, 'ಅಪರತ್ಯೂರ್' ಬೇರೆ. ಮಧ್ಯದಲ್ಲಿ ಸಣ್ಣ ಸಂದು ಕೇಳಲೇಬೇಕು. ನೀವು ಆ ಸಂದನ್ನು ಗುಣಿತಾಕ್ಷರದಿಂದ ಮುಚ್ಚಿಬಿಟ್ಟಿರಿ.

ಆದ್ದರಿಂದ ಮೊದಲ ಮಾತು. ಉದ್ದ ಪದ ಕಂಡರೆ ಸಿಲಬಲ್, ಅಂದರೆ ಒಂದೊಂದು ಸ್ವರದ ಸುತ್ತ ಕೂಡುವ ಉಚ್ಚಾರದ ತುಣುಕು, ಎಣಿಸಲು ಹೋಗಬೇಡಿ. ಕಬ್ಬಿನ ಜಲ್ಲೆಯಲ್ಲಿ ಗಿಣ್ಣು ಇರುತ್ತದಲ್ಲ, ಹಾಗೆ ಈ ಪದಗಳಲ್ಲೂ ಗಿಣ್ಣು ಇರುತ್ತವೆ. ಮೊದಲು ಅದನ್ನು ಹುಡುಕಿ. ಗಿಣ್ಣು ಸಿಕ್ಕರೆ ಸಿಲಬಲ್, ಒತ್ತು, ಸಾಲಿನ ಕೊನೆಯ ಗೀಟು ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ನಿಮ್ಮ ಪದದಲ್ಲಿ ಏಳು ಭಾಗ, ಆರು ಗಿಣ್ಣು. ಮಿನುರಿತೇತ್ ಎಂದರೆ ಅಲ್ಪಸಂಖ್ಯೆ. ಲಾದ್ನಿಂಗ್ ಎಂದರೆ ಚಾರ್ಜು, ಮೂಲದಲ್ಲಿ ಹೇರುವುದು, ತುಂಬುವುದು ಎಂದರ್ಥ. ಬ್ಯಾರೆರ್ ಎಂದರೆ ಹೊರುವವನು. ದಿಫುಶೂನ್ ಎಂದರೆ ಹರಡುವಿಕೆ, ಕುಎಫಿಸಿಎಂತ್ ಎಂದರೆ ಗುಣಾಂಕ, ನಿಮಗೆ ಗೊತ್ತೇ ಇವೆ. ಮೋಲಿಂಗ್ ಎಂದರೆ ಅಳತೆ. ಅಪರತ್ಯೂರ್ ಎಂದರೆ ಸಲಕರಣೆ. ಸಿಲಬಲ್ ಲೆಕ್ಕ ಬೇಕೇ ಬೇಕು ಎಂದರೆ 4, 2, 2, 3, 5, 2, 4. ಒಟ್ಟು 22. ನೋಡಿ, ಒಂದೊಂದು ಭಾಗವೂ ಬಾಯಿಗೆ ಹಿಡಿಸುವಷ್ಟೇ ಇದೆ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಕೊನೆಯ ಭಾಗವೇ ಯಜಮಾನ. ಇಷ್ಟೆಲ್ಲ ಆದ ಮೇಲೆ ಇದು ಒಂದು 'ಅಪರತ್ಯೂರ್', ಅಷ್ಟೇ. ಅದಕ್ಕೂ ಮೊದಲು ಬಂದದ್ದೆಲ್ಲ ಎಂಥ ಸಲಕರಣೆ ಎಂದು ಹೇಳುವ ಪರಿಚಯ. ನಮ್ಮ ಅರಮನೆ ಕೊನೆಗೂ ಮನೆಯೇ ಅಲ್ವಾ, ಹಾಗೆ. ಪದದ ಲಿಂಗ, ಬಹುವಚನ ಎಲ್ಲವನ್ನೂ ಆ ಕೊನೆಯ ಭಾಗ ನೋಡಿಯೇ ಹೇಳುತ್ತಾರೆ. ಆದರೆ ಒಂದು ವಿಷಯದಲ್ಲಿ ಅವರು ನಮಗಿಂತ ಉದಾರಿಗಳು. ನಮ್ಮ ವ್ಯಾಕರಣ ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿದರೆ ಅರಿಸಮಾಸ ಎಂದು ಮುಖ ಸಿಂಡರಿಸುತ್ತದೆ. ನಾರ್ವೇಜಿಯನ್‌ಗೆ ಆ ಮಡಿ ಇಲ್ಲ. ಲ್ಯಾಟಿನ್ನಿನ ಮಿನುರಿತೇತ್ ಪಕ್ಕದಲ್ಲಿ ಮನೆಮಾತಿನ ಲಾದ್ನಿಂಗ್, ಬ್ಯಾರೆರ್ ಆರಾಮಾಗಿ ಕೂತಿವೆ.

ಗಿಣ್ಣು ಕಂಡುಹಿಡಿಯುವುದು ಹೇಗೆ? ಅತಿ ಒಳ್ಳೆಯ ಗುರುತು ಒಂದು ಪುಟ್ಟ 'ಸ್'. ಮೇಲಿನ ಪದದಲ್ಲಿ ಮಿನುರಿತೇತ್-ಸ್, ಲಾದ್ನಿಂಗ್-ಸ್, ದಿಫುಶೂನ್-ಸ್, ಮೋಲಿಂಗ್-ಸ್ ಎಂದು ನಾಲ್ಕು ಕಡೆ ಬಂತು. ಈ ಸ್‌ಗೆ ಅರ್ಥವೇನೂ ಇಲ್ಲ. ಎರಡು ಭಾಗಗಳ ನಡುವಿನ ಅಂಟು ಅದು. 'ತೇತ್', 'ಶೂನ್', 'ಇಂಗ್' ಎಂದು ಮುಗಿಯುವ ಪದದ ಮುಂದೆ ಇನ್ನೊಂದು ಪದ ಸೇರಿದರೆ ಈ ಅಂಟು ಬಹುಮಟ್ಟಿಗೆ ಬಂದೇ ಬರುತ್ತದೆ. ವಿಜ್ಞಾನದ ಪದಗಳಲ್ಲಿ ಇಂಥ ಬಾಲಗಳೇ ಜಾಸ್ತಿ. ಹಾಗಾಗಿ ಶೂನ್ಸ್, ತೇತ್ಸ್, ಇಂಗ್ಸ್ ಕಂಡ ಕಡೆ ಪೆನ್ಸಿಲ್‌ನಲ್ಲಿ ಒಂದು ಗೀಟು ಎಳೆಯಿರಿ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿರುತ್ತೀರಿ.

ಆ ಸ್ ಎಷ್ಟು ಜಾಣ ಎಂದರೆ ಯಾರು ಯಾರ ಜೊತೆ ಎಂದೂ ಹೇಳುತ್ತದೆ. ವೈನ್ ಕುಡಿಯುವ ಲೋಟ 'ವೀನ್‌ಗ್ಲಸ್'. ಇಲ್ಲಿ ಅಂಟು ಇಲ್ಲ. ರೆಡ್ ವೈನ್ ಲೋಟ 'ರೋವೀನ್ಸ್‌ಗ್ಲಸ್'. ಇಲ್ಲಿ ಅಂಟು ಬಂತು! ಮೂರು ಭಾಗ ಇರುವಾಗ ಮೊದಲ ಎರಡು ಒಂದು ಜೋಡಿ, ಮೂರನೆಯದು ಅದಕ್ಕೆ ಸೇರಿದ್ದು ಎಂದು ಆ ಸ್ ಸಾರುತ್ತಿದೆ. ಕೆಂಪು ಬಣ್ಣದ ಲೋಟ ಅಲ್ಲ, ಕೆಂಪು ವೈನಿನ ಲೋಟ.

ಗುರುತು ಇಲ್ಲದ ಕಡೆ ಅರ್ಥ ನೋಡಿಯೇ ಮುರಿಯಬೇಕು. ಹವಾಮಾನದ ಸುದ್ದಿಯಲ್ಲಿ ದಿನಾ ಬರುವ 'ಹೊಯ್‌ತ್ರಿಕ್' ತೆಗೆದುಕೊಳ್ಳಿ. ಹೊಯ್ ಎಂದರೆ ಎತ್ತರ, ತ್ರಿಕ್ ಎಂದರೆ ಒತ್ತಡ. ಹೈ ಪ್ರೆಶರ್. ಅದನ್ನು 'ಹೊಯ್ತ್-ರಿಕ್' ಎಂದು ಮುರಿದರೆ ಹೈ ಪ್ರೆಶರ್ ಹೋಗಿ 'ಜೋರಾಗಿ ಎಳೆತ' ಅನ್ನುವ ಹಾಗೆ ಏನೋ ಆಗುತ್ತದೆ. ಇಂಥ ಜಾಗದಲ್ಲಿ ನಾರ್ವೆಯವರೂ ಒಂದು ಕ್ಷಣ ತಡವರಿಸುತ್ತಾರೆ.

ಈಗ ನಮ್ಮ ಸಂಧಿಯ ಚಟ. 'ವಿದ್ಯಾ' ಮತ್ತು 'ಆಲಯ' ಸೇರಿದರೆ ಗಿಣ್ಣೇ ಮಾಯ. ಹೊಸ ಮತ್ತು ಕನ್ನಡ ಸೇರಿದರೆ ಹೊಸಗನ್ನಡ, ಕ ಹೋಗಿ ಗ. ನಾವು ಸೇರಿಸುವುದೇ ಹಾಗೆ, ಸಂದು ಕಾಣಬಾರದು. ಅವರದು ತದ್ವಿರುದ್ಧ. 'ಕ್ಲೀಮಾಗಸ್‌ಊತ್‌ಸ್ಲಿಪ್' ಎಂದು ಒಂದು ಪದ ಇದೆ. ಹಸಿರುಮನೆ ಅನಿಲಗಳ ಹೊರಸೂಸುವಿಕೆ. ಪೇಪರಿನಲ್ಲಿ ದಿನಬೆಳಗಾದರೆ ಕಾಣುತ್ತದೆ. ಕ್ಲೀಮಾ, ಗಸ್, ಊತ್‌ಸ್ಲಿಪ್. ನಮ್ಮ ಬಾಯಿ ತಾನಾಗಿ 'ಗಸ್ಸೂತ್' ಎಂದು ಕೂಡಿಸುತ್ತದೆ. ಅವರಿಗೆ ಅದು ಅರ್ಥವೇ ಆಗುವುದಿಲ್ಲ. ಗಸ್ ಮುಗಿದು ಊತ್ ಹೊಸದಾಗಿ ಹುಟ್ಟಬೇಕು. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವುದನ್ನು ಬಿಡಬೇಡಿ. ಅದು ಒಳ್ಳೆಯ ಅಭ್ಯಾಸವೇ. ಗಿಣ್ಣಿನ ಜಾಗದಲ್ಲಿ ಮಾತ್ರ ಅರ್ಧಾಕ್ಷರ ಹಾಕಿ ನಿಲ್ಲಿಸಿ, ಜಾಗ ಬಿಡಿ, ಒತ್ತಕ್ಷರ ಕೊಡಬೇಡಿ.

ಗಿಣ್ಣು ಆಯಿತು. ಇನ್ನು ಒಂದೊಂದು ಭಾಗದೊಳಗೆ ಒತ್ತು ಎಲ್ಲಿ? ಇದಕ್ಕೆ ನಿಮ್ಮ ಶಾಲೆಯ ಛಂದಸ್ಸಿನ ಪಾಠ ನೆನಪು ಮಾಡಿಕೊಳ್ಳಿ. ಲಘು, ಗುರು. ದೀರ್ಘಾಕ್ಷರ ಗುರು. ಒತ್ತಕ್ಷರದ ಹಿಂದಿನದೂ ಗುರು. ನಾರ್ವೇಜಿಯನ್‌ನಲ್ಲಿ ಒತ್ತು ಬೀಳುವ ಸಿಲಬಲ್ ಗುರುವೇ ಆಗಿರಬೇಕು. ಒಂದೋ ಸ್ವರ ಉದ್ದ, ಇಲ್ಲವೇ ಮುಂದಿನ ವ್ಯಂಜನ ಗಟ್ಟಿ. 'ತಾಕ್' ಎಂದರೆ ಛಾವಣಿ. 'ತಕ್ಕ್' ಎಂದರೆ ಥ್ಯಾಂಕ್ಸ್. ಇದು ನಮ್ಮ ಹಾಲು, ಹಲ್ಲು ಇದ್ದ ಹಾಗೇ. ಇಂಗ್ಲಿಷ್ ಒಂದೇ ಗೊತ್ತಿರುವವರಿಗೆ ಈ ತಕ್ಕ್ ಕಲಿಸುವುದು ಕಷ್ಟ. ನಿಮಗೆ ಹುಟ್ಟಿನಿಂದ ಬಂದಿದೆ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಗುರು ಎಷ್ಟು ಬೇಕಾದರೂ ಬರಬಹುದು. ಅವರಲ್ಲಿ ಒಂದು ಸರಳ ಪದಕ್ಕೆ ಗುರು ಒಬ್ಬನೇ, ಉಳಿದವೆಲ್ಲ ಸುಮ್ನೆ ಲಘುವಾಗಿ ಓಡಿಹೋಗುತ್ತವೆ.

ಆ ಒಬ್ಬ ಗುರು ಎಲ್ಲಿ ಕೂರುತ್ತಾನೆ? ಪದದ ಹುಟ್ಟೂರು ನೋಡಬೇಕು. ಮನೆಮಾತಿನ ಪದವಾದರೆ ಬಹುಮಟ್ಟಿಗೆ ಮೊದಲ ಸಿಲಬಲ್: ಲಾದ್ನಿಂಗ್, ಬ್ಯಾರೆರ್, ಮೋಲಿಂಗ್. ಲ್ಯಾಟಿನ್, ಗ್ರೀಕ್, ಫ್ರೆಂಚ್‌ನಿಂದ ಬಂದದ್ದಾದರೆ ಬಾಲದ ಕಡೆ: ಮಿನುರಿತೇತ್, ದಿಫುಶೂನ್, ಕುಎಫಿಸಿಎಂತ್, ಅಪರತ್ಯೂರ್. ತೇತ್, ಶೂನ್, ಎಂತ್, ತ್ಯೂರ್ ಎಲ್ಲವೂ ಕೊನೆಯಲ್ಲೇ ಗಟ್ಟಿ. ನಾವು ಎಡವುವುದು ಇಲ್ಲೇ. ಬಯಾಲಜಿ, ಟೆಂಪರೇಚರ್ ಎಂದು ಇಂಗ್ಲಿಷಿನ ತಾಳ ತಲೆಯಲ್ಲಿ ಕೂತಿರುತ್ತದೆ. ಇವರದು ಬಿಉಲುಗೀ, ತೆಂಪೆರತ್ಯೂರ್. ವಿತಮೀನ್, ಅತೂಮ್ ಕೂಡ ಹಾಗೆಯೇ. ಪ್ರೋಟೀನ್‌ಗೆ 'ಪ್ರು-ತೆ-ಈನ್' ಎಂದು ಮೂರು ಸಿಲಬಲ್. ಆ ಎರಡು ಸ್ವರಗಳನ್ನು ಕೂಡಿಸಿ 'ಐ' ಮಾಡಬಾರದು. ಕಾಫಿಯ 'ಕೊಫೆಈನ್' ಕೂಡ ಅದೇ ಸಾಲಿನದು.

ಗುರು ಒಂದೇ ಕಡೆ ಕೂರುವ ಆಸಾಮಿಯೂ ಅಲ್ಲ. ಬಾಲ ಬದಲಾದರೆ ಎದ್ದು ಹೋಗುತ್ತಾನೆ. ಜೀವವಿಜ್ಞಾನ ಬಿಉಲುಗೀ, ಜೀವವಿಜ್ಞಾನಿ ಬಿಉಲೋಗ್, ಅದರ ವಿಶೇಷಣ ಬಿಉಲೋಗಿಸ್ಕ್. ಭೌತವಿಜ್ಞಾನ ಫಿಸಿಕ್ಕ್, ಆದರೆ ಭೌತವಿಜ್ಞಾನಿ ಫೀಸಿಕೆರ್. ಇಲ್ಲಿ ಒಂದು ಸೊಗಸು ಇದೆ. ಫಿಸಿಕ್ಕ್ ಎಂದು ಬರೆಯುವಾಗ ಕೊನೆಗೆ ಎರಡು ಕೆ, ಫೀಸಿಕೆರ್‌ನಲ್ಲಿ ಒಂದೇ ಕೆ. ಒತ್ತು ಜಾಗ ಬಿಟ್ಟ ಕೂಡಲೇ ಜೋಡಿ ಅಕ್ಷರವೂ ಒಂಟಿಯಾಯಿತು. ಹಾಗಾಗಿ ಪದದ ಕೊನೆಯಲ್ಲಿ ಜೋಡಿ ವ್ಯಂಜನ ಕಂಡರೆ ಒತ್ತು ಅಲ್ಲೇ ಎಂದು ತಿಳಿಯಬಹುದು. ಮತೆಮತಿಕ್ಕ್, ಸ್ತತಿಸ್ತಿಕ್ಕ್, ಪ್ರುತುಕೊಲ್ಲ್. ಪದದ ಮುಂಭಾಗದ ಜೋಡಿಯನ್ನು ಮಾತ್ರ ನಂಬಬೇಡಿ. ಅಪರತ್ಯೂರ್‌ಗೆ ಎರಡು ಪಿ ಬರೆಯುತ್ತಾರೆ, ದಿಫುಶೂನ್‌ಗೆ ಎರಡು ಎಫ್. ಅವು ಲ್ಯಾಟಿನ್ನಿನ ಹಳೆಯ ಸಾಲ. ಬಾಯಲ್ಲಿ ಒಂದೇ. ಅಂದರೆ ನಿಮ್ಮ ಮಾಲಿಂಗಪ್ಪನವರಲ್ಲಿ 'ಅಪ್ಪ'ನೂ ಇಲ್ಲ.

ಪ್ರೊಫೆಸರ್ ಪದ ಇನ್ನೂ ತಮಾಷೆ. ಒಬ್ಬರಿದ್ದರೆ ಪ್ರುಫೆಸ್ಸುರ್, ಫೆ ಮೇಲೆ ಒತ್ತು. ಇಬ್ಬರಾದರೆ ಪ್ರುಫೆಸೂರೆರ್, ಒತ್ತು ಸೂ ಮೇಲೆ. ಮೋಟಾರಿಗೂ ಇದೇ ಕಥೆ: ಮೂತುರ್, ಮುತೂರೆರ್. ಇನ್ನೊಂದು ಜೋಡಿ ನಿಮ್ಮಂಥವರಿಗೆ ದಿನವೂ ಬೇಕು. ಅಳೆಯುವ ಉಪಕರಣವಾದರೆ ಒತ್ತು ಮೇ ಮೇಲೆ: ತೆರ್ಮುಮೇತೆರ್, ಬರುಮೇತೆರ್. ಅಳತೆಯ ಮಾನವಾದರೆ ಒತ್ತು ಮೊದಲಿಗೆ: ಸೆಂತಿಮೇತೆರ್‌ನಲ್ಲಿ ಸೆಂ, ಮಿಲಿಮೇತೆರ್‌ನಲ್ಲಿ ಮಿ.

ಈಗ ಇಡೀ ಪದ. ಏಳು ಭಾಗಕ್ಕೆ ಏಳು ಗುರು ಆಯಿತಲ್ಲ, ಎಲ್ಲರೂ ಸಮವೇ? ಅಲ್ಲ. ಮೊದಲ ಭಾಗದ ಗುರು ಹಿರಿಯ. ಮಿನುರಿತೇತ್‌ನ 'ತೇತ್' ಮೇಲೆ ಪೂರ್ತಿ ಒತ್ತು. ಮುಂದಿನ ಲಾದ್, ಬ್ಯಾ, ಶೂನ್, ಎಂತ್, ಮೋ, ತ್ಯೂರ್ ಎಲ್ಲಕ್ಕೂ ಸ್ವಲ್ಪ ಕಡಿಮೆ ಒತ್ತು. ಆದರೆ ಪೂರ್ತಿ ಮಾಯವಾಗಬಾರದು. ಅವುಗಳ ಸ್ವರದ ಉದ್ದ, ವ್ಯಂಜನದ ಗಟ್ಟಿತನ ಹಾಗೇ ಉಳಿಯಬೇಕು. ಎಲ್ಲಕ್ಕೂ ಸಮನಾಗಿ ಒತ್ತಿದರೆ ಕೇಳುವವರಿಗೆ ಏಳು ಬೇರೆ ಬೇರೆ ಪದ ಕೇಳಿಸುತ್ತದೆ, ಒಂದು ಪದ ಅಲ್ಲ.

ಅದರಿಂದ ಏನಾಗುತ್ತದೆ ಅಂತೀರಾ? 'ರೊಯ್ಕ್‌ಫ್ರಿತ್' ಎಂದು ಒಂದೇ ಪದವಾಗಿ ಒಂದೇ ಹಿರಿ ಒತ್ತು ಕೊಟ್ಟು ಹೇಳಿದರೆ ಧೂಮಪಾನ ಇಲ್ಲದ ಜಾಗ. ಅದನ್ನೇ ಬಿಡಿಸಿ 'ರೊಯ್ಕ್ ಫ್ರಿತ್' ಎಂದು ಎರಡೂ ಕಡೆ ಒತ್ತಿದರೆ 'ಧಾರಾಳವಾಗಿ ಸಿಗರೇಟು ಸೇದಿ' ಎಂದಾಗುತ್ತದೆ. ಬರವಣಿಗೆಯಲ್ಲೂ ಹೀಗೇ. ಕೂಡಿಸಬೇಕಾದ್ದನ್ನು ಬಿಡಿಸಿ ಬರೆಯುವುದಕ್ಕೆ ಅವರ ಭಾಷೆಯಲ್ಲಿ 'ಸ್ಯಾರ್‌ಸ್ಕ್ರೀವಿಂಗ್' ಎಂದು ಹೆಸರೇ ಇದೆ. ಕೆಲವರಿಗೆ ಅಂಗಡಿ ಬೋರ್ಡಿನಲ್ಲಿ ಇಂಥದ್ದು ಕಂಡರೆ ಮೈ ಉರಿಯುತ್ತದೆ. ಕುರಿಮರಿಯ ತೊಡೆ ಮಾಂಸ 'ಲಮ್ಮೆಲೋರ್'. ಬಿಡಿಸಿ ಬರೆದರೆ 'ಲಕ್ವ ಹೊಡೆದ ತೊಡೆಗಳು'!

ಒತ್ತಿನ ಜೊತೆ ರಾಗವೂ ಒಂದಿದೆ. ರೈತರು ಎಂಬ ಅರ್ಥದ 'ಬೊನ್ನೆರ್', ಹುರುಳಿಕಾಯಿ ಎಂಬ ಅರ್ಥದ 'ಬೊನ್ನೆರ್' ಎರಡಕ್ಕೂ ಧ್ವನಿ ಒಂದೇ, ಏರಿಳಿತ ಮಾತ್ರ ಬೇರೆ. ಅದರ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಊರಿಂದ ಊರಿಗೆ ಆ ರಾಗ ಬದಲಾಗುತ್ತದೆ. ಒತ್ತು ಸರಿ ಇದ್ದರೆ ಉದ್ದ ಪದದಲ್ಲಿ ರಾಗದ ತಪ್ಪು ಯಾರಿಗೂ ತೊಡಕಾಗುವುದಿಲ್ಲ.

ಉಚ್ಚಾರದಲ್ಲಿ ನಿಮಗೆ ದೊಡ್ಡ ಲಾಭ ಮೂರ್ಧನ್ಯ ಅಕ್ಷರಗಳದು. ಅಂದರೆ ನಮ್ಮ ಟ, ಡ, ಣ, ಷ. ಇಂಗ್ಲಿಷ್ ಪದಗಳ ಟಿ ಅಕ್ಷರವನ್ನು ನಾವು ಟ ಎಂದೇ ಬರೆಯುತ್ತೇವೆ. ನಾರ್ವೇಜಿಯನ್‌ಗೆ ಅದು ನಡೆಯುವುದಿಲ್ಲ. ಅವರ ಬಿಡಿ ಟಿ ಹೆಚ್ಚುಕಡಿಮೆ ನಮ್ಮ ತ. ಒತ್ತು ಬಿದ್ದ ಕಡೆ ಸ್ವಲ್ಪ ಉಸಿರು ಜಾಸ್ತಿ. ಅವರಲ್ಲೂ ಟ ಇದೆ, ಆದರೆ ಬೇರೆ ಕೆಲಸಕ್ಕೆ. ಆರ್ ಮತ್ತು ಟಿ ಒಟ್ಟಿಗೆ ಬಂದರೆ ಎರಡೂ ಕರಗಿ ಟ ಆಗುತ್ತದೆ. ಆರ್ ಮತ್ತು ಎನ್ ಸೇರಿದರೆ ಣ. ಆರ್ ಮತ್ತು ಎಸ್ ಸೇರಿದರೆ ಷ. ಆರ್ ಮತ್ತು ಡಿ ಸೇರಿದ ಕಡೆ ಎಷ್ಟೋ ಪದಗಳಲ್ಲಿ ಡ. ಮಗು ಎನ್ನುವ ಪದವನ್ನು 'ಬಾರ್ನ್' ಎಂದು ಬರೆದು 'ಬಾಣ್' ಎನ್ನುತ್ತಾರೆ. ನಕಾಶೆ 'ಕಟ್ಟ್'. ಸಂಶೋಧನೆ 'ಫೊಷ್ಕ್‌ನಿಂಗ್'. ವಿಶ್ವವಿದ್ಯಾಲಯ 'ಯುನಿವೆಷಿತೇತ್'. ಯುರೋಪಿನ ಬೇರೆ ಕಡೆಯಿಂದ ಬಂದ ಎಷ್ಟೋ ಜನ ವರ್ಷಗಟ್ಟಲೆ ಇದಕ್ಕೆ ಒದ್ದಾಡುತ್ತಾರೆ. ನಮಗೆ ವರ್ಣಮಾಲೆಯಲ್ಲೇ ಇದೆ. ಷ ಮಾತ್ರ ನಮ್ಮಲ್ಲೂ ಈಚೆಗೆ ಬರಿಯ ಶ ಆಗಿದೆ ಬಿಡಿ.

ಗಿಣ್ಣಿನಲ್ಲಿ ಏನೂ ಬದಲಾಗುವುದಿಲ್ಲ ಎಂದೆನಲ್ಲ, ಅದಕ್ಕೆ ಒಂದೇ ವಿನಾಯಿತಿ ಈ ಆರ್. ಹವಾಮಾನ ಕೇಂದ್ರ 'ವ್ಯಾರ್' ಮತ್ತು 'ಸ್ತಶೂನ್' ಸೇರಿ ಆದದ್ದು. ಬಾಯಲ್ಲಿ 'ವ್ಯಾಷ್ತಶೂನ್'. ನಿಮ್ಮ ಉದ್ದ ಪದದಲ್ಲೂ ಬ್ಯಾರೆರ್ ಮುಂದೆ ದಿಫುಶೂನ್ ಬಂದಾಗ ಹಲವರ ಬಾಯಲ್ಲಿ 'ಬ್ಯಾರೆಡಿಫುಶೂನ್' ಎಂದು ಕೇಳುತ್ತದೆ. ಸಂಧಿ ಇಲ್ಲದ ಭಾಷೆಯಲ್ಲಿ ಸಂಧಿಯಂತೆ ಇರುವುದು ಇದೊಂದೇ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು.

ಇದು ಓಸ್ಲೋ ಕಡೆ, ನಿಮ್ಮ ತ್ರೊಂಡ್‌ಹೈಮ್ ಕಡೆ, ಉತ್ತರದ ಕಡೆ. ಬೆರ್ಗೆನ್, ಸ್ತವಾಂಗೆರ್ ಕಡೆ ಹೋದರೆ ಆರ್ ಗಂಟಲಿನಿಂದ ಬರುತ್ತದೆ, ಟ ಣ ಷ ಯಾವುದೂ ಹುಟ್ಟುವುದಿಲ್ಲ. ಹಾಗಂತ ಅವರದು ತಪ್ಪಲ್ಲ. ನಾರ್ವೇಜಿಯನ್‌ಗೆ ಬೂಕ್‌ಮೋಲ್, ನೀನೊಷ್ಕ್ ಎಂದು ಎರಡು ಬರವಣಿಗೆಯ ರೂಪ ಇವೆ. ಮಾತಿಗೆ ಮಾತ್ರ ಸರ್ಕಾರಿ ಮಾದರಿ ಒಂದೂ ಇಲ್ಲ. ಶಾಲೆಯ ಪಾಠ ಸಾಧ್ಯವಾದಷ್ಟು ಮಕ್ಕಳ ಆಡುಮಾತಿನಲ್ಲೇ ನಡೆಯಬೇಕು ಎಂದು ಅವರ ಸಂಸತ್ತು 1878ರಲ್ಲೇ ಹೇಳಿತ್ತು. ಪೂರ್ವದ ಕೆಲವು ಹಳ್ಳಿಮಾತುಗಳಲ್ಲಿ ಹೊರಗಿನ ಪದಕ್ಕೂ ಮನೆಯ ಪದದಂತೆ ಮೊದಲಿಗೇ ಒತ್ತು ಕೊಡುವವರಿದ್ದಾರೆ. ಸ್ತಶೂನ್ ಅವರಿಗೆ ಸ್ತಾಶುನ್. ಕೇಳಿದರೆ ಗಾಬರಿಯಾಗಬೇಡಿ.

ಸ್ವರಗಳ ಬಗ್ಗೆ ಎರಡೇ ಮಾತು. ಅವರ ಓ ಅಕ್ಷರ ಎಷ್ಟೋ ಕಡೆ ಊ ಆಗುತ್ತದೆ. ಪುಸ್ತಕ 'ಬೂಕ್'. ರಾಜಧಾನಿಯೇ ಅವರ ಬಾಯಲ್ಲಿ 'ಉಸ್ಲು' ಅಥವಾ 'ಉಷ್ಲು'. ನಮ್ಮ ಓ ಬೇಕಾದರೆ ತಲೆಯ ಮೇಲೆ ಸೊನ್ನೆ ಇರುವ ಎ ಅಕ್ಷರ ನೋಡಬೇಕು. ಹಾಗಾಗಿಯೇ ಮಾಲಿಂಗ್ ಅಲ್ಲ, ಮೋಲಿಂಗ್. ಯು ಅಕ್ಷರಕ್ಕೆ ತುಟಿ ಊ ಅನ್ನುವ ಹಾಗೆ, ನಾಲಿಗೆ ಈ ಕಡೆಗೆ. ನಾನು ತ್ಯೂರ್ ಎಂದು ಬರೆದದ್ದು ಅದಕ್ಕೇ, ಅಷ್ಟು ಸರಿ ಅಲ್ಲದಿದ್ದರೂ.

ಅಭ್ಯಾಸಕ್ಕೆ ಥೈರಾಯ್ಡ್ ಗ್ರಂಥಿಯ ಹೆಸರಿಗಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ: 'ಶೊಲ್-ಬ್ರುಸ್ಕ್-ಹ್ಯಟ್ಟೆಲ್'. ಗುರಾಣಿ, ಮೃದ್ವಸ್ಥಿ, ಗ್ರಂಥಿ. ಬರೆಯಲು 18 ಅಕ್ಷರ, ಸಿಲಬಲ್ ನಾಲ್ಕೇ. ಮೊದಲ ಭಾಗದಲ್ಲಿ ಎಸ್-ಕೆ-ಜೆ ಮೂರೂ ಸೇರಿ ಒಂದು ಶ, ಕೊನೆಯ ಡಿ ಮೌನ. ಮೂರನೆಯ ಭಾಗದಲ್ಲಿ ಕೆ-ಜೆ ಸೇರಿ ಹ ಮತ್ತು ಶ ನಡುವಿನ ಧ್ವನಿ, ಆಮೇಲೆ ಆರ್-ಟಿ ಸೇರಿ ನಮ್ಮ ಟ್ಟ. ನಡುವಿನ ಬ್ರುಸ್ಕ್‌ನ ಕೊನೆಯ ಕೆ, ಮುಂದಿನ ಭಾಗದ ಮೊದಲ ಕೆ ಪಕ್ಕಪಕ್ಕದಲ್ಲಿ ಕೂತಿವೆ. ಅವನ್ನು ಜೋಡಿ ಎಂದು ಓದಿದಿರೋ, ಕೆಟ್ಟಿತು. ಅಲ್ಲೇ ಗಿಣ್ಣು.

ಆ ಪದದಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಗ್ರೀಕ್ ಹೆಸರನ್ನು ಮನೆಮಾತಿಗೆ ಬಿಡಿಸಿ ಇಟ್ಟಿದ್ದಾರೆ. ಥೈರಾಯ್ಡ್‌ನ ಮೂಲದಲ್ಲೂ ಗುರಾಣಿಯೇ ಇರುವುದು. ಮಿದುಳಿನ ಪೊರೆಯ ಉರಿಯೂತ 'ಯ್ಯಾಣೆ-ಹಿನ್ನೆ-ಬೆತೆನ್ನೆಲ್ಸೆ'. ಮಿದುಳು, ಪೊರೆ, ಉರಿಯೂತ. ಬೆತೆನ್ನೆಲ್ಸೆಯೊಳಗೆ ಇರುವುದು 'ತೆನ್ನೆ', ಬೆಂಕಿ ಹಚ್ಚು ಎಂದು. ನಮ್ಮ ಉರಿಯೂತದಲ್ಲೂ ಉರಿ ಇದೆ. ಡಯಾಬಿಟಿಸ್‌ಗೆ ಆಡುಮಾತಿನಲ್ಲಿ 'ಸುಕ್ಕೆಷೀಕೆ', ಸಕ್ಕರೆ ಕಾಯಿಲೆ. ಆಕ್ಸಿಜನ್‌ಗೆ ಹಳೆಯ ಹೆಸರು 'ಸೂರ್‌ಸ್ತೊಫ್', ಹುಳಿಯ ವಸ್ತು. ನಮ್ಮ ಆಮ್ಲಜನಕ ಕೂಡ ಅದೇ ದಾರಿಯಲ್ಲಿ ಹುಟ್ಟಿದ್ದು. ಹೈಡ್ರೋಜನ್ 'ವನ್‌ಸ್ತೊಫ್', ನೀರಿನ ವಸ್ತು. ಈಗಿನ ಪಠ್ಯಗಳಲ್ಲಿ ಒಕ್ಸಿಗೇನ್, ಹಿದ್ರುಗೇನ್ ಎಂದೇ ಇರುತ್ತದೆ. ಗೇನ್ ಮೇಲೆ ಒತ್ತು, ಗ ಗಟ್ಟಿ ಗ, ಜ ಅಲ್ಲ.

ಮೌನ ಅಕ್ಷರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೈಕಾಲಜಿ 'ಸಿಕುಲುಗೀ', ಮೊದಲ ಪಿ ಕೇಳುವುದಿಲ್ಲ. ಇಂಜಿನಿಯರ್ 'ಇನ್‌ಶೆನ್ಯೋರ್', ಇಲ್ಲಿ ಜಿ ಹೋಗಿ ಶ. ಇದರಲ್ಲಿ ನಾನೂ ಒಮ್ಮೆ ಸಿಕ್ಕಿಹಾಕಿಕೊಂಡಿದ್ದೆ. ಸೇತುವೆ ಕಟ್ಟುವ ಗೆಳೆಯನನ್ನು 'ಸಿವೀಲ್-ಇನ್‌ಶೆನ್ಯೋರ್' ಎಂದು ಪರಿಚಯ ಮಾಡಿದೆ. ಉಚ್ಚಾರ ಸರಿ ಇತ್ತು, ಅರ್ಥ ತಪ್ಪು. ಅಲ್ಲಿ ಅದು ಐದು ವರ್ಷದ ಇಂಜಿನಿಯರಿಂಗ್ ಪದವಿಯ ಬಿರುದು. ಯಾವ ವಿಭಾಗದವರಾದರೂ ಆಗಬಹುದು. ಸಿವಿಲ್ ಇಂಜಿನಿಯರೇ ಆಗಬೇಕೆಂದಿಲ್ಲ.

ಕೊನೆಗೆ ಸಾಲಿನ ತುದಿಯ ಪ್ರಶ್ನೆ. ಕೂಡಿದ ಪದವನ್ನು ಗಿಣ್ಣಿನಲ್ಲಿ ಮುರಿಯಿರಿ. ಅದು ಯಾವಾಗಲೂ ಸರಿ. ಅಂಟಿನ ಸ್ ಮೇಲಿನ ಸಾಲಿನಲ್ಲೇ ಉಳಿಯಬೇಕು: ಮೋಲಿಂಗ್ಸ್ ಮೇಲೆ, ಅಪರತ್ಯೂರ್ ಕೆಳಗೆ. ಸರಳ ಪದವಾದರೆ ಒಂದೇ ವ್ಯಂಜನ ಕೆಳಗೆ ಹೋಗಬೇಕು. 'ಎಸೆ' ಎನ್ನುವ ಅರ್ಥದ 'ಕಸ್ತೆ' ಪದವನ್ನು ನಾವಾದರೆ ಕ, ಸ್ತೆ ಎಂದು ಮುರಿಯುತ್ತೇವೆ. ಒತ್ತಕ್ಷರ ಸೀಳುವ ಮಾತೇ ಇಲ್ಲ. ಅವರು ಕಸ್, ತೆ ಎಂದು ಮುರಿಯುತ್ತಾರೆ. ವಿಚಿತ್ರ ಅನಿಸಬಹುದು, ಆದರೆ ನಮ್ಮ ಬಾಯಿ ಮಾಡುವುದೂ ಅದನ್ನೇ. ಒತ್ತಕ್ಷರದ ಹಿಂದಿನದು ಗುರು ಆಗುವುದು ಆ ಸ್ ಹಿಂದಕ್ಕೆ ವಾಲುವುದರಿಂದಲೇ ಅಲ್ವಾ?

ಒಂದು ಬಲೆ ಇದೆ, ಗಣಿತ ಬರೆಯುವವರು ಬೀಳುವಂಥದ್ದು. ಗ್ರಾಫಿನ ಅತಿ ಎತ್ತರದ ಬಿಂದು 'ತೊಪ್ಪುಂಗ್ತ್'. ತೊಪ್ಪ್ ಮತ್ತು ಪುಂಗ್ತ್ ಸೇರಿದರೆ ಮೂರು ಪಿ ಆಗಬೇಕಿತ್ತು. ಒಂದೇ ವ್ಯಂಜನ ಮೂರು ಸಲ ಬರೆಯುವ ಪದ್ಧತಿ ಇಲ್ಲ, ಹಾಗಾಗಿ ಎರಡೇ ಉಳಿಯುತ್ತವೆ. ಆದರೆ ಸಾಲಿನ ಕೊನೆಯಲ್ಲಿ ಮುರಿದರೆ ಕಳೆದುಹೋದ ಪಿ ವಾಪಸು ಬರುತ್ತದೆ. ಎರಡು ಪಿ ಮೇಲೆ, ಒಂದು ಪಿ ಕೆಳಗೆ. ಕಂಪ್ಯೂಟರ್ ಇದನ್ನು ಮಾಡಿಕೊಡುತ್ತದೆ ಎಂದು ನಂಬಬೇಡಿ, ಕಣ್ಣಾರೆ ನೋಡಿ.

ಆ 60 ಅಕ್ಷರದ್ದನ್ನು ಬಾಯಿಗೆ ತರಬೇಕೆಂದರೆ ಹಿಂದಿನಿಂದ ಕಟ್ಟಿ. ಮೊದಲು ಅಪರತ್ಯೂರ್. ಆಮೇಲೆ ಮೋಲಿಂಗ್ಸ್-ಅಪರತ್ಯೂರ್. ಆಮೇಲೆ ಕುಎಫಿಸಿಎಂತ್ ಸೇರಿಸಿ. ಹೀಗೆ ಮುಂದಕ್ಕೆ ಒಂದೊಂದೇ. ಹಾಗೆ ಮಾಡಿದರೆ ಹೇಳುತ್ತ ಹೇಳುತ್ತ ಗೊತ್ತಿರುವ ದಾರಿಗೇ ಇಳಿಯುತ್ತೀರಿ, ಉಸಿರು ಕಟ್ಟುವುದಿಲ್ಲ. ವರದಿಯಲ್ಲಿ ಮಾತ್ರ ಅದನ್ನು ಬರೆಯಲೇಬೇಡಿ. 'ಅಪರತ್ಯೂರ್ ಫೊರ್ ಮೋಲಿಂಗ್ ಆವ್' ಎಂದು ಶುರು ಮಾಡಿ ಉಳಿದದ್ದನ್ನು ಬಿಡಿಸಿ ಬರೆಯಿರಿ. ಆ ಪದ ಇರುವುದು ಊಟದ ಮೇಜಿಗೆ.